ಗೂಟದ ಚೀಲ

ಬೆನ್ನಚೀಲದ ಭಾರ ಇಳಿಸಬೇಕೆಂದು ಕೂತವರು ಮೊದಲು ಕೈಹಾಕುವುದು ಡೇರೆಯ ಗೂಟಗಳಿಗೆ. ತಕ್ಕಡಿಗೆ ಹಾಕಿ ನೋಡಿದರೆ ಆ ಆಸೆ ತಪ್ಪೂ ಅಲ್ಲ. ಹತ್ತು ಎಂಎಂ ಕಬ್ಬಿಣದ ಸರಳನ್ನು ಅಡಿಯುದ್ದ ಕಡಿಸಿ ತುದಿ ಚೂಪು ಮಾಡಿಸಿಕೊಂಡರೆ ಒಂದು ಗೂಟ ಸುಮಾರು 190 ಗ್ರಾಂ ತೂಗುತ್ತದೆ. ಎಂಟು ಗೂಟಕ್ಕೆ ಒಂದೂವರೆ ಕಿಲೋ. ಅಷ್ಟು ತೂಕದಲ್ಲಿ ಈಗ ಒಬ್ಬರು ಮಲಗುವ ಇಡೀ ಡೇರೆಯೇ ಸಿಗುತ್ತದೆ. ಮೂರು ಏಣಿನ ಅಲ್ಯೂಮಿನಿಯಂ ಗೂಟ 14 ಗ್ರಾಂ ಆಸುಪಾಸು. ಟೈಟಾನಿಯಂ ಸಲಾಕೆಯ ತಲೆಯನ್ನು ಕೊಕ್ಕೆಯಾಗಿ ಬಾಗಿಸಿದ ಗೂಟವಂತೂ ಆರೇಳು ಗ್ರಾಂ. ಟೈಟಾನಿಯಂ ಅಲ್ಯೂಮಿನಿಯಂಗಿಂತ ಭಾರದ ಲೋಹ. ಆದರೆ ಗಟ್ಟಿತನ ಹೆಚ್ಚಿರುವುದರಿಂದ ತೆಳ್ಳಗಿದ್ದರೂ ನಡೆಯುತ್ತದೆ, ಹಾಗಾಗಿ ತೂಕದಲ್ಲಿ ಗೆಲ್ಲುತ್ತದೆ.

ಈ ಗ್ರಾಂ ಲೆಕ್ಕ ನನಗೂ ಇಷ್ಟವೇ. ಆದರೆ ಅಕ್ಕಲಕೋಟದ ಸುತ್ತ ನಡೆಯುತ್ತ ನಡೆಯುತ್ತ ನನಗೆ ಖಾತ್ರಿಯಾದ ಸಂಗತಿ ಬೇರೆ. ಗೂಟವನ್ನು ಚೀಲದಲ್ಲಿ ಎಲ್ಲಿ ಇಡುತ್ತೀರಿ, ಯಾವುದರ ಜೊತೆ ಇಡುತ್ತೀರಿ, ಹೊರಡುವಾಗ ಎಣಿಸುತ್ತೀರೋ ಇಲ್ಲವೋ, ರಾತ್ರಿಯ ನಿದ್ದೆ ನಿಂತಿರುವುದು ಅದರ ಮೇಲೆ.

ನಮ್ಮ ನೆಲವೇ ಅಂಥದು. ನಳದುರ್ಗದ ಕೋಟೆಯನ್ನು ತಾಗಿ ಬರುವ ಬೋರಿ ಹೊಳೆ ಕುರನೂರಿನ ಅಣೆಕಟ್ಟಿನಲ್ಲಿ ತಂಗಿ, ಅಕ್ಕಲಕೋಟ ತಾಲೂಕನ್ನು ಹಾದು ಭೀಮೆಗೆ ಸೇರುತ್ತದೆ. ಆ ಹೊಳೆಸಾಲು ಹಿಡಿದು ನಡೆದರೆ ಒಂದೇ ದಿನದಲ್ಲಿ ಎರಡು ಬಗೆಯ ನೆಲ ಎದುರಾಗುತ್ತದೆ. ತಗ್ಗಿನಲ್ಲಿ ಎರಿ, ದಿಬ್ಬದ ಮೇಲೆ ಮರಡಿ. ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆಯಾದ ಮರುದಿನ ಗೂಟ ಹೆಬ್ಬೆರಳ ಒತ್ತಿಗೆ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಗಾಳಿಗೆ ಕಿತ್ತು ಬರುತ್ತದೆ. ಅಲ್ಲಿ ಉದ್ದದ, ಏಣುಳ್ಳ ಗೂಟವೇ ಬೇಕು. ಬೇಸಿಗೆಯಲ್ಲಿ ಬಿರುಕಿನ ಅಂಚಿಗೆ ಹೊಡೆದರೆ ಮಣ್ಣಿನ ಹೆಂಟೆಯೇ ಕದಲುತ್ತದೆ. ಎರಡು ಬಿರುಕುಗಳ ನಡುವಿನ ಗಟ್ಟಿ ಜಾಗ ಹುಡುಕಬೇಕು. ಮರಡಿಯ ಕತೆಯೇ ಬೇರೆ. ಗೇಣು ಗರಸಿನ ಕೆಳಗೆ ಕರಿಕಲ್ಲು ಕೂತಿರುತ್ತದೆ. ಏಣಿನ ಗೂಟ ಕಲ್ಲಿಗೆ ಬಡಿದು ಮೂತಿ ಮುರಿದುಕೊಳ್ಳುವ ಕಡೆ ತೆಳ್ಳನೆಯ ಕೊಕ್ಕೆ ಸಂದು ಹುಡುಕಿಕೊಂಡು ಇಳಿಯುತ್ತದೆ. ಹಾಗಾಗಿ ನಾನು ನಾಲ್ಕು ಏಣಿನವು, ನಾಲ್ಕು ಕೊಕ್ಕೆಯವು ಒಯ್ಯುತ್ತೇನೆ. ಒಟ್ಟು 80 ಗ್ರಾಂ. ಇನ್ನೂ 30 ಗ್ರಾಂ ಉಳಿಸಲು ಎಂಟೂ ಕೊಕ್ಕೆಯನ್ನೇ ಒಯ್ಯುವವರು ಎರಿಹೊಲದಲ್ಲಿ ಒಂದು ರಾತ್ರಿ ಗಾಳಿಮಳೆ ನೋಡಬೇಕು.

ಗೂಟ ಎಲ್ಲಿರಬೇಕು ಎಂಬುದನ್ನು ನಮ್ಮ ಸೀಮೆಯಲ್ಲಿ ಕುರಿಗಾರರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ರಾಶಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾರೆ. ಕೆಲವು ರಾತ್ರಿ ಒಂದು ಹೊಲ, ಮುಂದೆ ಇನ್ನೊಂದು. ಪ್ರತಿ ಸಲವೂ ಬಲೆ ಬಿಚ್ಚಬೇಕು, ಗೂಟ ಕೀಳಬೇಕು, ಎಲ್ಲವನ್ನೂ ಕುದುರೆಯ ಮೇಲೆ ಹೇರಬೇಕು. ಕುರನೂರಿನ ಹಿನ್ನೀರಿನ ಮೇಲ್ಗಡೆ ಅಂಥದೊಂದು ಬಿಡಾರ ಏಳುತ್ತಿದ್ದಾಗ ನಾನು ನಿಂತು ನೋಡಿದ್ದೆ. ಒಬ್ಬ ಅಜ್ಜಿ ಜಾಲಿಮರದ ಗೂಟಗಳನ್ನು ಕೀಳುತ್ತಿದ್ದಳು. ತುದಿಗಳನ್ನು ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ್ದರು; ತಲೆಗಳು ಕೊಡತಿಯ ಏಟಿಗೆ ಎಳೆಎಳೆಯಾಗಿ ಬಿರಿದಿದ್ದವು. ಅವಳು ಎರಡೆರಡು ಗೂಟ ಕೈಗೆತ್ತಿಕೊಂಡು ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಬಾಯಲ್ಲೇ ಜೋಡಿ ಎಣಿಸುತ್ತ ಗೋಣಿಚೀಲಕ್ಕೆ ಇಳಿಸುತ್ತಿದ್ದಳು. ಕೌದಿ, ಪಾತ್ರೆ, ಹಿಟ್ಟಿನ ಗಂಟು ಎಲ್ಲ ಕುದುರೆಗೆ ಏರಿದ ಮೇಲೆ ಗೂಟದ ಚೀಲ ಕಡೆಗೆ ಏರಿತು.

“ಯವ್ವಾ, ಅಷ್ಟ ಭಾರದ್ದ ಮ್ಯಾಲೆ ಕಟ್ಟೀರಲ್ಲ, ತಳಕ್ಕ ಹಾಕಬಾರದೇನ?” ಅಂದೆ.

“ತಳಕ್ಕ ಹಾಕಿದ್ರ ಎಲ್ಲಾ ಗಂಟ ಬಿಚ್ಚಬೇಕಾಗತೈತಿ ತಮ್ಮಾ. ಹೊತ್ತ ಮುಳಗೂದ್ರಾಗ ಕುರಿ ಒಳಗ ಆಗಬೇಕ. ನಾವ ಗಂಟ ಬಿಚ್ಚೂತನಾ ತ್ವಾಳ ನಿಂತ ಕಾಯ್ತೈತೇನ?”

ಬೆನ್ನಚೀಲ ಕಟ್ಟುವವರಿಗೆ ಬೇಕಾದ ಪಾಠವೆಲ್ಲ ಆ ಮಾತಿನಲ್ಲಿದೆ. ಊರು ಮುಟ್ಟುವ ಮೊದಲೇ ಮಳೆ ಹಿಡಿಯಿತೆನ್ನಿ. ಗೂಟ ಚೀಲದ ತಳದಲ್ಲಿದ್ದರೆ ಹಾಸಿಗೆ, ಒಣಬಟ್ಟೆ ಎಲ್ಲ ಹೊರಗೆ ಬಂದು ತೊಯ್ದ ಮೇಲೆ ಡೇರೆ ನಿಲ್ಲುತ್ತದೆ. ಪಕ್ಕದ ಜೇಬಿನಲ್ಲಿದ್ದರೆ ಮುಖ್ಯ ಚೀಲದ ಬಾಯಿ ತೆರೆಯುವ ಪ್ರಮೇಯವೇ ಇಲ್ಲ. ಡೇರೆಯೂ ಗೂಟವೂ ಮೇಲಿರಲಿ, ಆದರೆ ಬೇರೆ ಬೇರೆ ಇರಲಿ.

ಈ ಬೇರೆತನದ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಡೇರೆ ಮಾಡುವವರು ಗೂಟಗಳನ್ನು ಒಂದು ತೆಳು ಚೀಲಕ್ಕೆ ಹಾಕಿ, ಅದನ್ನು ಡೇರೆಯ ಬಟ್ಟೆಯೊಳಗೇ ಸುತ್ತಿ ಕೊಡುತ್ತಾರೆ. ಅಂಗಡಿಯಿಂದ ಮನೆಗೆ ತರಲು ಸರಿ, ನಡೆಯಲು ಅಲ್ಲ. ಹಗುರ ಡೇರೆಯ ಬಟ್ಟೆ ಇಪ್ಪತ್ತು ಡೆನಿಯರ್ ನೂಲಿನದಾದರೆ, ಅದರ ಒಂಬತ್ತು ಸಾವಿರ ಮೀಟರ್ ಎಳೆ ಬರೀ ಇಪ್ಪತ್ತು ಗ್ರಾಂ ತೂಗುತ್ತದೆ ಎಂದರ್ಥ. ಅದೆಷ್ಟು ನವಿರೆಂದು ಸೊಲ್ಲಾಪುರದ ಮಗ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಥ ಬಟ್ಟೆಯ ನಡುವೆ ಚೂಪು ಲೋಹ ದಿನವಿಡೀ ಹೆಜ್ಜೆಹೆಜ್ಜೆಗೂ ಉಜ್ಜುತ್ತಿದ್ದರೆ ತೂತು ಬೀಳದೆ ಇರುತ್ತದೆಯೇ? ಮೇಲಾಗಿ ಎರಿಮಣ್ಣು. ಬೆಳಗಿನ ಹಸಿಯಲ್ಲಿ ಕಿತ್ತ ಗೂಟಕ್ಕೆ ಅಂಟಿದ ಮಣ್ಣು ಕೆಲವೊಮ್ಮೆ ಗೂಟಕ್ಕಿಂತ ಭಾರವಿರುತ್ತದೆ. ಗ್ರಾಂ ಲೆಕ್ಕ ಹಾಕಿ ಕೊಂಡ ಗೂಟದ ಜೊತೆ ಹೊಲದ ಮಣ್ಣು ಹೊರುವುದು ಯಾವ ಜಾಣತನ? ಹುಲ್ಲಿನ ಹಿಡಿಯಿಂದ ಒರೆಸಿ, ಒಂದಕ್ಕೊಂದು ಬಡಿದು, ಆಮೇಲೆ ಚೀಲಕ್ಕೆ ಹಾಕಬೇಕು.

ಚೀಲಕ್ಕೆ ನಾನು ಕಂಡ ಒಳ್ಳೆಯ ಬಟ್ಟೆ ನಮ್ಮ ಮನೆಮನೆಯಲ್ಲೂ ಬಿದ್ದಿರುತ್ತದೆ: ರಸಗೊಬ್ಬರದ ಖಾಲಿ ಚೀಲ. ಪ್ಲಾಸ್ಟಿಕ್ ಪಟ್ಟಿಯ ನೇಯ್ಗೆ, ನೀರು ಹೀರುವುದಿಲ್ಲ, ನೀರು ನಿಲ್ಲಿಸುವುದೂ ಇಲ್ಲ, ಗೂಟದ ಮೂತಿಗೆ ಬೇಗ ಸೋಲುವುದಿಲ್ಲ. ಗೊಬ್ಬರದ ಉಪ್ಪು ಲೋಹವನ್ನು ತಿನ್ನುತ್ತದೆ, ಆದ್ದರಿಂದ ಹಲವು ನೀರಿನಲ್ಲಿ ತೊಳೆಯಬೇಕು. ಗೂಟದ ಉದ್ದಕ್ಕಿಂತ ನಾಲ್ಕು ಬೆರಳು ಹೆಚ್ಚು ಬಿಟ್ಟು, ತಳಕ್ಕೆ ಎರಡು ಪದರ ಕೊಟ್ಟು, ಬಾಯಿಗೆ ಲಾಡಿ ಹಾಕಿ ಹೊಲಿಸಿದರೆ ಹತ್ತು ಹನ್ನೆರಡು ಗ್ರಾಂ. ಸೊಲ್ಲಾಪುರದ ಹಳೆಯ ಚಾದರಿನ ತುಂಡು ನೋಡಲು ಚೆಂದ, ಆದರೆ ನೀರು ಕುಡಿದು ಭಾರವಾಗುತ್ತದೆ, ಅದು ಬೇಡ. ಒಳಗೆ ಎಲ್ಲ ಗೂಟದ ಮೂತಿಯೂ ಕೆಳಗೆ, ತಲೆ ಮೇಲೆ. ಏಣಿನವು ಒಂದರ ತೋಡಿನಲ್ಲಿ ಇನ್ನೊಂದು ಕೂರುವಂತೆ ಜೋಡಿಸಿ, ಕೊಕ್ಕೆಯವನ್ನು ಬೇರೆ ಕಟ್ಟಿ, ಎರಡು ಕಟ್ಟಿಗೂ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉಂಗುರ ಹಾಕಿದರೆ ಸದ್ದೂ ಆಗುವುದಿಲ್ಲ, ಕತ್ತಲಲ್ಲಿ ಬೆರಳಿಗೇ ಯಾವುದು ಏನೆಂದು ತಿಳಿಯುತ್ತದೆ.

ಇಳಿದ ಕೂಡಲೇ ಗೂಟ ಕೈಗೆ ಸಿಗಬೇಕೆಂಬ ಚಿಂತೆ ಬಾದಶಹರಿಗೂ ಇತ್ತು. ಮಂಗಳವೇಢದ ಹತ್ತಿರ ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿ 1695ರಿಂದ 1699ರವರೆಗೆ ಔರಂಗಜೇಬನ ಬಿಡಾರವಿತ್ತು. ಮೊಗಲರ ಪದ್ಧತಿಯಲ್ಲಿ ಅರಸನ ಡೇರೆಗಳು ಎರಡು ಜೊತೆ: ಒಂದರಲ್ಲಿ ಅವನಿದ್ದಾಗಲೇ ಇನ್ನೊಂದು ಮುಂದಿನ ಮಜಲಿಗೆ ಹೋಗಿ ನಿಂತಿರುತ್ತಿತ್ತು. ಅಕ್ಬರನ ಕಾಲದ ಒಂದು ಬಿಡಾರ ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ ಬೇಕಾಗುತ್ತಿದ್ದವೆಂದು ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದೆ. ಪಂಢರಪುರದ ವಾರಿಯಲ್ಲೂ ಹೆಚ್ಚುಕಡಿಮೆ ಅದೇ ಉಪಾಯ, ಭಕ್ತಿಯ ಕೈಯಲ್ಲಿ. ದಿಂಡಿಯ ಜನ ನಡೆದು ಬರುವಷ್ಟರಲ್ಲಿ ಲಾರಿ ಮುಂದೆ ಹೋಗಿ ತಂಬು ಎದ್ದಿರುತ್ತದೆ. ಆಳಂದಿಯಿಂದ ಹೊರಡುವ ಜ್ಞಾನೇಶ್ವರ ಪಾಲಖಿಗೆ ಕುದುರೆಗಳನ್ನೂ ತಂಬನ್ನೂ ಕೊಡುವ ಸೇವೆ ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದ್ದು. ಕೃಷ್ಣೆಯ ದಂಡೆಯ ಊರಿನ ಮನೆತನದ ತಂಬು ಸೊಲ್ಲಾಪುರ ಜಿಲ್ಲೆಯ ಬಯಲಲ್ಲಿ ಮಾವುಲಿಗೆ ನೆರಳಾಗುತ್ತದೆಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಒಬ್ಬನೇ ನಡೆಯುವವನಿಗೆ ಮುಂದೆ ಹೋಗುವ ಲಾರಿಯಿಲ್ಲ, ಎರಡನೆಯ ಡೇರೆಯಿಲ್ಲ. ಇರುವುದು ಆ ಪಕ್ಕದ ಜೇಬು.

ಇನ್ನು ಎಣಿಕೆ. ನಾವು ಡೇರೆ ಹಾಕುವುದು ಇನ್ನೊಬ್ಬರ ಹೊಲದಲ್ಲಿ, ಕೇಳಿ ಪಡೆದ ಜಾಗದಲ್ಲಿ. ಅಲ್ಲಿ ಒಂದು ಗೂಟ ಮಣ್ಣಿನಲ್ಲೇ ಉಳಿದರೆ ನಮಗೆ ಆರು ಗ್ರಾಂ ನಷ್ಟ. ಹೊಲದವರಿಗೆ ಎತ್ತಿನ ಗೊರಸು, ಟ್ರ್ಯಾಕ್ಟರಿನ ಗಾಲಿ, ಕಳೆ ತೆಗೆಯಲು ಬರುವ ಹೆಣ್ಣುಮಗಳ ಬರಿಗಾಲು. ಬೂದು ಬಣ್ಣದ ಟೈಟಾನಿಯಂ ಹೆಂಟೆಯ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ಅಯಸ್ಕಾಂತ ಹಿಡಿದು ಹುಡುಕೋಣವೆಂದರೆ ಟೈಟಾನಿಯಮ್ಮೂ ಅಲ್ಯೂಮಿನಿಯಮ್ಮೂ ಅದಕ್ಕೆ ಅಂಟುವುದಿಲ್ಲ. ಅದಕ್ಕೇ ಪ್ರತಿ ಗೂಟದ ತಲೆಗೆ ಕೇಸರಿ ದಾರದ ಗೇಣುದ್ದದ ಕುಣಿಕೆ ಕಟ್ಟಬೇಕು; ಕೀಳಲೂ ಅದೇ ಹಿಡಿ. ಡೇರೆ ಮಡಚುವ ಮೊದಲೇ ಗೂಟ ಎಣಿಸಬೇಕು. ಒಂದು ಕಡಿಮೆ ಬಂದರೆ ನೆಲಹಾಸನ್ನು ಹುಲ್ಲು ಒತ್ತಿದ್ದ ಜಾಗದಲ್ಲೇ ಮತ್ತೆ ಹಾಸಿದರೆ ಮೂಲೆಗಳೇ ಗುರುತು ಹೇಳುತ್ತವೆ. ಅಲ್ಲಿಂದ ಹಗ್ಗದಳತೆಯಲ್ಲಿ ಕೈಯಾಡಿಸಿದರೆ ಸಿಗುತ್ತದೆ. ಸಿಗುವ ತನಕ ಹೊರಡಬಾರದು, ಬಸ್ಸು ತಪ್ಪಿದರೂ ಸರಿಯೇ.

ಮನೆಗೆ ಬಂದ ಮೇಲೆ ಗೂಟಗಳನ್ನು ತೊಳೆದು ಒಣಗಿಸಿ, ಕೊಕ್ಕೆಯವನ್ನು ಶಹಾಬಾದಿ ಪರಸಿಯ ಅಂಚಿನಲ್ಲಿ, ಕೊಕ್ಕೆ ಹೊರಗೆ ಬರುವಂತೆ ಇಟ್ಟು ಉರುಳಿಸಿ ನೋಡುತ್ತೇನೆ. ನೆಟ್ಟಗಿರುವುದು ಸಮನಾಗಿ ಉರುಳುತ್ತದೆ, ಸೊಟ್ಟಗಿರುವುದು ಕುಣಿಯುತ್ತದೆ. ಟೈಟಾನಿಯಂ ಕೊಕ್ಕೆಯನ್ನು ಕೈಯಲ್ಲೇ ತಿದ್ದಬಹುದು. ಅಲ್ಯೂಮಿನಿಯಂ ಗೂಟವನ್ನು ಮತ್ತೆ ಮತ್ತೆ ತಿದ್ದಿದರೆ ಏಣಿನಲ್ಲಿ ಕೂದಲೆಳೆಯ ಸೀಳು ಬರುತ್ತದೆ. ಉಗುರು ಆಡಿಸಿದಾಗ ಸೀಳು ತಾಗಿದರೆ ಅದನ್ನು ತೆಗೆದಿಟ್ಟು ಹೊಸದು ಸೇರಿಸಬೇಕು. ಕಬ್ಬಿಣದ್ದಾದರೆ ಕುಸುಬಿ ಎಣ್ಣೆಯ ಕೈ ಆಡಿಸಿದರೆ ತುಕ್ಕು ತಡೆಯುತ್ತದೆ. ಗೂಟದ ಚೀಲ ಮನೆಯಲ್ಲೂ ಡೇರೆಯ ಸುರುಳಿಯೊಳಗೆ ಹೋಗುವುದಿಲ್ಲ. ಪಕ್ಕದ ಮೊಳೆಗೆ ಬೇರೆಯಾಗಿಯೇ ತೂಗುತ್ತದೆ. ಒಳಗಿರುವ ಗೂಟಗಳ ಲೆಕ್ಕವನ್ನು ಚೀಲದ ಮೇಲೆಯೇ ಮಾಸದ ಮಸಿಯಿಂದ ಬರೆದಿಟ್ಟರೆ ನಮ್ಮ ಚೀಲ ಕೇಳಿ ಒಯ್ಯುವ ಗೆಳೆಯರೂ ಎಣಿಸಿಯೇ ತಂದುಕೊಡುತ್ತಾರೆ.