ಕಡ್ಡಿರಾಂಪುರದಲ್ಲಿ ನೂರೈವತ್ತನೆಯ ಕೀರ್ತನೆ

ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸು ಅನಂತಶಯನಗುಡಿ ದಾಟಿ, ಬಾಳೆತೋಟಗಳ ನಡುವೆ ಸಾಗಿ, ಕಡ್ಡಿರಾಂಪುರದಲ್ಲಿ ನಿಲ್ಲುತ್ತದೆ. ಇಳಿಯುವವರು ನೀವೊಬ್ಬರೇ. ಟೋಪಿ, ಕ್ಯಾಮೆರಾದವರೆಲ್ಲ ಹಂಪಿಯ ಕಡೆ ಮುಂದುವರಿಯುತ್ತಾರೆ. ಮೇ ತಿಂಗಳ ಭಾನುವಾರ. ಗಂಟೆ ಹತ್ತೂ ಆಗಿಲ್ಲ, ಆಗಲೇ ಬಂಡೆಗಳಿಂದ ಝಳ ಹೊಡೆಯುತ್ತಿದೆ. ಹಲವು ಬಗೆಯ ಪ್ರಾರ್ಥನೆ ಕೇಳಿದ ಊರಿದು. ವಿಜಯನಗರ ಕಾಲದ ಮುಸ್ಲಿಂ ಗೋರಿಗಳು ಇಲ್ಲಿವೆ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದಾಗ ವಿರೂಪಾಕ್ಷನ ಗುಡಿಯ ಎದುರು ಬದುಕಿದ್ದ ಕುಟುಂಬಗಳಿಗೆ ನಿವೇಶನ ಕೊಟ್ಟದ್ದೂ ಇಲ್ಲಿಯೇ. ನೀವು ಬಂದಿರುವುದು ಒಂದು ಮನೆಯ ಪಡಸಾಲೆಯಲ್ಲಿ ನಡೆಯುವ ಸಂಡೇ ಸ್ಕೂಲಿಗೆ. ದಾರಿ ಕೇಳುವ ಅಗತ್ಯವಿಲ್ಲ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಮಕ್ಕಳ ಗದ್ದಲ ಕಿವಿಗೆ ಬಡಿಯುತ್ತದೆ.

ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತೀರಿ. "ಸ್ತೋತ್ರ ರೀ!" ಎಂದು ಮಕ್ಕಳೆಲ್ಲ ಒಂದೇ ಉಸಿರಿಗೆ ಕೂಗುತ್ತಾರೆ. ಚಾಪೆಯ ತುಂಬ ಸಾಮಾನು: ಖಾಲಿ ನೀರಿನ ಬಾಟ್ಲಿ, ತೆಂಗಿನ ಚಿಪ್ಪು, ಸೋಡಾ ಬಾಟ್ಲಿಯ ಮುಚ್ಚಳ, ತಂತಿ, ಹಾಲಿನಪುಡಿ ಡಬ್ಬಿ, ಬಲೂನು, ತೋಟದಿಂದ ತಂದ ಬಾಳೆಲೆಯ ದಂಟು. ನಡುವೆ ಕೂತಿರುವ ಟೀಚರನ್ನು ಮಕ್ಕಳು ಅಕ್ಕ ಎನ್ನುತ್ತಾರೆ. ವಾರದ ದಿನಗಳಲ್ಲಿ ಇದೇ ಪಡಸಾಲೆಯಲ್ಲಿ ಅವರ ಹೊಲಿಗೆ ಮಷಿನ್ ಓಡುತ್ತದೆ. ಈಗ ಅದನ್ನು ಗೋಡೆಗೆ ಸರಿಸಿ ಬಟ್ಟೆ ಹೊದಿಸಿದ್ದಾರೆ.

"ಮೊದ್ಲು ಕೈಗೆ ಕೆಲಸ ಕೊಡಬೇಕ್ರಿ, ಬಾಯಿ ತಾನಾಗೇ ಬರ್ತೈತಿ" ಎನ್ನುತ್ತ ನಿಮಗೂ ಒಂದು ಚಿಪ್ಪು ಕೊಡುತ್ತಾರೆ. ಅಂಚು ಉಜ್ಜಿ ನಯಮಾಡುವುದು ನಿಮ್ಮ ಪಾಲಿನ ಕೆಲಸ.

ಇವತ್ತಿನ ಪಾಠ ಬೈಬಲಿನ ಕೀರ್ತನೆಗಳ ಪುಸ್ತಕದ ಕೊನೆಯದು, ನೂರೈವತ್ತನೆಯದು. ಆರೇ ವಚನಗಳ ಆ ಹಾಡಿನಲ್ಲಿ ಒಂದು ಇಡೀ ವಾದ್ಯಮೇಳವಿದೆ: ತುತೂರಿ, ಕಿನ್ನರಿ, ದಮ್ಮಡಿ, ಕೊಳಲು, ತಾಳ, ಜೊತೆಗೆ ಕುಣಿತ. ಕಡೆಗೆ ಉಸಿರಿರುವುದೆಲ್ಲವೂ ದೇವರನ್ನು ಸ್ತುತಿಸಲಿ ಎಂಬ ಕರೆ. ಅಕ್ಕ ಓದುತ್ತಿರುವ ಕನ್ನಡ ಬೈಬಲಿನ ಮೂಲವೂ ದೂರದ್ದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ. ಅವನೂ ಅವನ ಜೊತೆಗಾರರೂ ದುಡಿದ ಕನ್ನಡ ಬೈಬಲ್ 1831ರಲ್ಲಿ ಪೂರ್ತಿಯಾಯಿತು. ಇಲ್ಲಿಂದ ಬಳ್ಳಾರಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ.

ಓದಿದ ಒಂದೊಂದು ವಾದ್ಯಕ್ಕೂ ಚಾಪೆಯ ಮೇಲೆ ಒಂದೊಂದು ಉತ್ತರ ಸಿದ್ಧವಾಗುತ್ತದೆ. ಮುಚ್ಚಳಗಳನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡುವವರು ದೊಡ್ಡವರು. ಮೊಳೆಯಿಂದ ತೂತು ಹೊಡೆಯುವುದು ಅಕ್ಕನೇ, ಆ ಕೆಲಸ ಮಕ್ಕಳಿಗಿಲ್ಲ. ತೂತಿಗೆ ತಂತಿ ಪೋಣಿಸಿದರೆ ಗಿಲಕಿ. ಡಬ್ಬಿಯ ಬಾಯಿಗೆ ಬಲೂನು ಬಿಗಿದರೆ ದಮ್ಮಡಿ. ಬಾಳೆದಂಟಿನ ಮೈಯಿಂದ ಉದ್ದುದ್ದ ಸೀಳೆಬ್ಬಿಸಿ ಒಮ್ಮೆ ಝಾಡಿಸಿದರೆ ಚಟಾರ್! ನೀವು ಬೆಚ್ಚಿಬೀಳುತ್ತೀರಿ, ಪಡಸಾಲೆ ನಗುತ್ತದೆ. ಬಾಟ್ಲಿಗಳಿಗೆ ಒಂದಕ್ಕೆ ಜೋಳ, ಒಂದಕ್ಕೆ ಮರಳು, ಒಂದಕ್ಕೆ ಜಲ್ಲಿ ಹಾಕಿ, ಬೆನ್ನು ತಿರುಗಿಸಿ ಕೂತವರಿಗೆ ಸದ್ದು ಕೇಳಿಸಿ ಒಳಗೇನಿದೆ ಎಂದು ಕೇಳುವ ಆಟ ನಡೆಯುತ್ತದೆ. ಸರಿಯಾಗಿ ಹೇಳಿದವರಿಗೆ ಅಕ್ಕ ಬರೀ ಶಭಾಷ್ ಅನ್ನುವುದಿಲ್ಲ. "ಕಣ್ಣು ಮುಚ್ಚಿ ಕೇಳಿದಿ ನೋಡು, ಅದಕ್ಕ ಗೊತ್ತಾತು" ಎನ್ನುತ್ತಾರೆ. ಹೊಗಳಬೇಕಾದರೆ ಮೊದಲು ಸರಿಯಾಗಿ ನೋಡಬೇಕು ಎಂಬುದು ಪಾಠಕ್ಕಿಂತ ಮೊದಲೇ ಮಕ್ಕಳಿಗೆ ಸಿಕ್ಕಿಬಿಡುತ್ತದೆ.

ಎಲ್ಲ ಒಟ್ಟಿಗೆ ಬಾರಿಸಲು ಶುರುವಾದಾಗ ಕಿವಿ ಮುಚ್ಚಿಕೊಳ್ಳುವಷ್ಟು ಗದ್ದಲ. ಅಕ್ಕ ಕೈ ಮೇಲೆತ್ತಿದರೆ ಜೋರು, ಕೆಳಗಿಳಿಸಿದರೆ ಮೆಲ್ಲಗೆ, ಮುಷ್ಟಿ ಹಿಡಿದರೆ ನಿಲ್ಲಿಸಬೇಕು. ಎರಡು ಜಡೆಯ ಹುಡುಗಿಯೊಬ್ಬಳು ಬಾಟ್ಲಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ. ಹಾಡು ಎಂದು ಯಾರೂ ಅವಳನ್ನು ಪೀಡಿಸುವುದಿಲ್ಲ. ಅಕ್ಕ ಅವಳನ್ನು ಎಬ್ಬಿಸಿ ತಮ್ಮ ಜಾಗದಲ್ಲಿ ನಿಲ್ಲಿಸುತ್ತಾರೆ. ಅವಳ ಪುಟ್ಟ ಮುಷ್ಟಿ ಮುಚ್ಚಿದಾಗ ಮನೆಯೇ ಸ್ತಬ್ಧ, ಬಿಚ್ಚಿದಾಗ ಗಿಲಕಿ, ದಮ್ಮಡಿ, ಬಾಳೆದಂಟು ಎಲ್ಲ ಸಿಡಿಯುತ್ತವೆ. ಅವಳು ತುಟಿ ಬಿಚ್ಚಲಿಲ್ಲ, ಆದರೂ ಇಡೀ ಮೇಳ ಅವಳದೇ.

ಕುಣಿತಕ್ಕೆ ಕೋಲುಗಳು ಬರುತ್ತವೆ. ಹಂಪಿಯ ಕಲ್ಲುಗೋಡೆಗಳಲ್ಲೂ ಕೋಲಾಟದವರ ಕೆತ್ತನೆಗಳಿವೆ. ಈ ಮಕ್ಕಳು ಅದೇ ಹೆಜ್ಜೆಗೆ ಯೇಸಪ್ಪನ ಹಾಡು ಕೂಡಿಸುತ್ತಾರೆ. ಇದೇನೂ ಹೊಸ ಸಾಹಸವಲ್ಲ. ನಿಘಂಟಿನ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿ 'ಕಥಾಮಾಲೆ' ಹೊರತಂದದ್ದು 1862ರಲ್ಲಿ.

ಬೆವರು ಒರೆಸಿಕೊಂಡು ಕೂರುವ ಹೊತ್ತಿಗೆ ಹೊಲಿಗೆಯ ಚಿಂದಿಗಳು ಬರುತ್ತವೆ. ಪುಟಾಣಿಯೊಂದು ನಿಮ್ಮ ಹತ್ತೂ ಬೆರಳಿಗೆ ಚಿಂದಿ ಸುತ್ತುತ್ತದೆ. ಲೂಕನ ಸುವಾರ್ತೆಯ ಹತ್ತು ಮಂದಿ ಕುಷ್ಠರೋಗಿಗಳು ಇವು. ಕಥೆ ನಡೆಯುತ್ತ ಹೋದಂತೆ ಅವರು ಗುಣವಾಗುತ್ತಾರೆ, ಚಿಂದಿ ಒಂದೊಂದಾಗಿ ಬಿಚ್ಚಿ ಬೀಳುತ್ತದೆ. ಒಂಬತ್ತು ಬೆರಳು ಮಡಚಿಕೊಂಡು ಬೆನ್ನ ಹಿಂದೆ ಓಡುತ್ತವೆ. ಒಂದೇ ಹೆಬ್ಬೆರಳು ತಿರುಗಿ ಬಂದು, ಗಟ್ಟಿ ದನಿಯಲ್ಲಿ ದೇವರನ್ನು ಕೊಂಡಾಡಿ, ಯೇಸಪ್ಪನ ಕಾಲಿಗೆ ಬೀಳುತ್ತದೆ. ಅವನು ಸಮಾರ್ಯದವನು, ಹೊರಗಿನವನು.

ಆಮೇಲೆ ಎರಡು ಬುಟ್ಟಿ. ದೇವರು ಕೊಟ್ಟದ್ದು ಹೇಳಿದರೆ ಮೊದಲ ಬುಟ್ಟಿಗೆ ಒಂದು ಹರಳುಕಲ್ಲು, ದೇವರು ಎಂಥವನು ಎಂದು ಹೇಳಿದರೆ ಎರಡನೆಯದಕ್ಕೆ. ಮೊದಲನೆಯದು ಕ್ಷಣದಲ್ಲಿ ತುಂಬುತ್ತದೆ: ಸೈಕಲ್ಲು, ಮಾವಿನಹಣ್ಣು, ತಮ್ಮ, ಪಾಸಾದ ಪರೀಕ್ಷೆ. ಎರಡನೆಯದು ಖಾಲಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ನಿಮ್ಮವ್ವ ಏನೂ ಕೊಡದ ದಿನ ಅಕಿ ಎಂಥಾಕಿ?" ಎಂದು ಅಕ್ಕ ಕೇಳುತ್ತಾರೆ.

"ಸುಳ್ಳು ಹೇಳಲ್ಲ." "ಸಾಲಿಂದ ತಡ ಆದ್ರ ದಾರಿ ಕಾಯ್ತಾಳ." "ಬೈತಾಳ, ಆಮ್ಯಾಲ ತಾನಾ ಅಳ್ತಾಳ."

"ಹಂಗಾರ ದೇವರು?"

ಬುಟ್ಟಿಯಲ್ಲಿ ಟಣ್ ಎಂದು ಮೊದಲ ಕಲ್ಲು: ಮಾತು ತಪ್ಪಲ್ಲ. ಇನ್ನೊಂದು: ಮರಿಯಲ್ಲ. ಚಡ್ಡಿ ಜಾರಿಸಿಕೊಂಡು ಓಡಿಬಂದ ಎಲ್ಲರಿಗಿಂತ ಸಣ್ಣವನು ಹೋದ ವಾರದ ಬಾಯಿಪಾಠದ ನೆನಪಿನಿಂದ ಕಿರುಚುತ್ತಾನೆ: "ನಿದ್ದಿ ಮಾಡಲ್ಲ!" ಕೃತಜ್ಞತೆಯ ಪಟ್ಟಿ ಎಲ್ಲಿ ಮುಗಿಯುತ್ತದೋ ಸ್ತುತಿ ಅಲ್ಲಿಂದ ಶುರು. ಈ ಕಷ್ಟದ ಮಾತನ್ನು ಎರಡು ಬುಟ್ಟಿಗಳು ಮಕ್ಕಳ ಅಂಗೈಗೆ ಇಳಿಸಿಬಿಟ್ಟಿವೆ.

ಕೆಂಪು ಅಂಗಿಯ ಹುಡುಗ ಕಲ್ಲನ್ನು ಕೈಯಲ್ಲೇ ಹಿಡಿದಿದ್ದಾನೆ. "ಅಕ್ಕಾ, ನಮ್ಮಪ್ಪಗ ಕೆಲಸ ಹೋಗೈತಿ. ಅವಾಗೂ ಹಾಡಬೇಕಾ?"

ಅಕ್ಕ ತಕ್ಷಣ ಉತ್ತರಿಸುವುದಿಲ್ಲ. ಬಾಗಿಲು, ಕಿಟಕಿ ಹಾಕಿ, ಇಬ್ಬರ ಕಾಲನ್ನು ದುಪಟ್ಟಾದಿಂದ ಕಟ್ಟಿ ಬೈಬಲಿನ ಕಥೆಯ ಫಿಲಿಪ್ಪಿ ಸೆರೆಮನೆ ಮಾಡುತ್ತಾರೆ. ಏಟು ತಿಂದ ಪೌಲ, ಸೀಲರು ಕಾಲಿಗೆ ಕೋಳ ಬಿದ್ದಿದ್ದರೂ ನಡುರಾತ್ರಿ ಹಾಡಿದ್ದು, ಉಳಿದ ಕೈದಿಗಳು ಕಿವಿಗೊಟ್ಟದ್ದು. ಕತ್ತಲೆಯಲ್ಲಿ ಒಂದು ಚರಣ ಮೆಲ್ಲಗೆ ಕೇಳುತ್ತದೆ. ಬಾಗಿಲು ತೆರೆದ ಮೇಲೆ ಅಕ್ಕ ಅವನ ಹತ್ತಿರ ಕೂರುತ್ತಾರೆ. "ಹಾಡಬೇಕು ಅಂತ ಜಬರದಸ್ತಿ ಇಲ್ಲಪ್ಪ. ಅಳಬೋದು. ಕೀರ್ತನೆಯೊಳಗ ಅಳೋವೂ ಭಾಳ ಅದಾವ. ಅಳೋದೂ ಅವನ ಮುಂದ ಅಳು, ಅಷ್ಟ." ಹುಡುಗ ಕಲ್ಲನ್ನು ಯಾವ ಬುಟ್ಟಿಗೂ ಹಾಕದೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಕ್ಕ ನೋಡಿಯೂ ಕೇಳುವುದಿಲ್ಲ.

ಇನ್ನು ಹೊರಗೆ. ನೂರ ನಲವತ್ತೆಂಟನೆಯ ಕೀರ್ತನೆ ಬೆಟ್ಟ, ಹಣ್ಣಿನ ಮರ, ಹರಿದಾಡುವ ಹುಳ, ಹಾರುವ ಹಕ್ಕಿ ಎಲ್ಲವನ್ನೂ ಹೆಸರು ಹಿಡಿದು ಸ್ತುತಿಗೆ ಕರೆಯುತ್ತದೆ. ಮಕ್ಕಳು ಅದರ ಪಟ್ಟಿ ಹಿಡಿದು ಹುಡುಕಾಟಕ್ಕೆ ಇಳಿಯುತ್ತಾರೆ. ಹಣ್ಣಿನ ಮರಕ್ಕೆ ತಡವಿಲ್ಲ, ಪಕ್ಕದ ತೋಟದಲ್ಲಿ ಸುಗಂಧಿ ಬಾಳೆಯ ಗೊನೆ ಜೋತಿದೆ. ಹರಿದಾಡುವುದಕ್ಕೆ ಇರುವೆಸಾಲು. ಬೆಟ್ಟವನ್ನಂತೂ ಹುಡುಕುವುದೇ ಬೇಡ. ಒಬ್ಬಳು ಬಂಡೆಗೆ ಕಿವಿಯಿಟ್ಟು, ಬೆರಳಿನಿಂದ ತಟ್ಟಿ, "ಇದು ವಿಠ್ಠಲ ಗುಡಿ ಕಂಬದಂಗ ನುಡಿಯಂಗಿಲ್ಲ" ಎಂದು ತೀರ್ಪು ಕೊಡುತ್ತಾಳೆ.

ಅಕ್ಕನಿಗೆ ಬೇಕಾದದ್ದು ಸಿಕ್ಕಿತು. ಯೇಸು ಕತ್ತೆಮರಿಯ ಮೇಲೆ ಯೆರೂಸಲೇಮಿಗೆ ಬಂದಾಗ ಶಿಷ್ಯರು ಹಾಡಿದರು, ಅವರನ್ನು ಸುಮ್ಮನಿರಿಸು ಎಂದು ಫರಿಸಾಯರು ಗದರಿದರು, ಇವರು ಸುಮ್ಮನಾದರೆ ಕಲ್ಲುಗಳು ಕೂಗುತ್ತವೆ ಎಂದು ಆತ ಅಂದ. ಗರಿಗಳ ಭಾನುವಾರ ಈ ಮಕ್ಕಳೂ ಗರಿ ಬೀಸಿದವರೇ, ಕಥೆ ಗೊತ್ತು. ಆಮೇಲೆ ದೇವಾಲಯದೊಳಗೂ ಕೂಗು ನಿಲ್ಲಿಸದವರು ಯಾರೆಂಬುದನ್ನು ಮತ್ತಾಯ ಬರೆದಿದ್ದಾನೆ. ಚಿಕ್ಕ ಮಕ್ಕಳು.

"ನೀವು ಸುಮ್ಮನಾದ್ರ ಬಂಡೆ ಪಾಳಿ ಬರ್ತೈತಿ" ಎನ್ನುತ್ತಾರೆ ಅಕ್ಕ. "ಅದಕ್ಕ್ಯಾಕ ತ್ರಾಸು ಕೊಡ್ತೀರಿ? ಹಾಡ್ರಿ!"

ಓಣಿಯ ನಾಯಿಗಳೆದ್ದು ಓಡುವಷ್ಟು ಜೋರಾಗಿ ಹಾಡುತ್ತಾರೆ. ಹಾಡು ಮುಗಿಯುವಷ್ಟರಲ್ಲಿ ಒಳಗಿಂದ ಮಂಡಕ್ಕಿ ವಗ್ಗರಣಿಯ ವಾಸನೆ. ನಿಮಗೂ ಒಂದು ತಟ್ಟೆ, ಜೊತೆಗೊಂದು ಮಿರ್ಚಿ.

ವಾದ್ಯಗಳನ್ನು ಮನೆಗೆ ಒಯ್ಯಬಹುದು, ಒಂದು ಕರಾರಿನ ಮೇಲೆ: ಬಾರಿಸುವ ಮೊದಲು ದೇವರು ಎಂಥವನು ಎಂದು ಒಂದು ಮಾತು ಹೇಳಬೇಕು. ಬಾಗಿಲಲ್ಲಿ ಮೊಮ್ಮಗನನ್ನು ಕರೆಯಲು ಬಂದ ಅಜ್ಜಿಯ ಮುಂದೆ ಎಲ್ಲರಿಗಿಂತ ಸಣ್ಣವನು ಜಲ್ಲಿಯ ಬಾಟ್ಲಿ ಎತ್ತಿ ಹಿಡಿಯುತ್ತಾನೆ.

"ದೇವರು ನಿದ್ದೀನ ಮಾಡಲ್ಲ, ಅಜ್ಜಿ!" ಗಲಗಲಗಲ.

"ಹೌದಪ್ಪ, ಹೌದು" ಎನ್ನುತ್ತಾಳೆ ಅಜ್ಜಿ, ಬಾಟ್ಲಿಯ ಕಡೆ ಕೈ ಚಾಚುತ್ತ. "ಆದ್ರ ಮಧ್ಯಾಹ್ನ ನಾ ಮಾಡ್ತೀನಿ. ಅದನ್ನ ಇತ್ತ ಕೊಡು."