ಅಂಗಾಲಿನ ಕಪ್ಪು ಚುಕ್ಕೆ

ಅಂಗಾಲನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ? ನನ್ನ ಎಡ ಹಿಮ್ಮಡಿಯಲ್ಲಿ ಹುರುಳಿಕಾಳಿನಷ್ಟು ಕಪ್ಪು ಕಲೆ ಇದ್ದದ್ದು ಮೊದಲು ಕಂಡದ್ದು ಹೆಂಡತಿಗೆ. 2022ರ ಚೌತಿಯ ದಿನ, ನಾನು ಗಣಪತಿಗೆ ಉದ್ದಂಡ ನಮಸ್ಕಾರ ಹಾಕುತ್ತಿದ್ದಾಗ.

ಡೊಂಬಿವಲಿಯ ನಮ್ಮ ಡಾಕ್ಟರು ‘ಆಣಿ’ ಅಂದರು. ಪಟ್ಟಿ ಹಚ್ಚಿದೆ. ಮಾರ್ಚ್ ಕ್ಲೋಸಿಂಗ್ ಬಂತು, ಆಡಿಟ್ ಬಂತು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಕಲೆಯ ಅಂಚು ಮಸಿ ಚೆಲ್ಲಿದ ಹಾಗೆ ಹರಡಿತ್ತು. ಒಂದು ಸಂಜೆ ಕಾಲುಚೀಲದಲ್ಲಿ ರಕ್ತ.

ಠಾಣೆಯ ಚರ್ಮದ ವೈದ್ಯೆ ದೀಪವಿರುವ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಅಂಗಾಲಿನಲ್ಲಿ ಬೆರಳಚ್ಚಿನಂತೆ ಏಣು, ತೋಡುಗಳಿರುತ್ತವಲ್ಲ. ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ತೋಡಿನಲ್ಲಿ ಕೂರುತ್ತದಂತೆ. ನನ್ನದು ಏಣಿನ ಮೇಲೆ ಕೂತಿತ್ತು. ಬಯಾಪ್ಸಿಯ ಉತ್ತರ: ಏಕ್ರಲ್ ಮೆಲನೋಮ. ಬಿಸಿಲಿಗೂ ಇದಕ್ಕೂ ಸಂಬಂಧ ಕಡಿಮೆ. ಅಂಗೈ, ಅಂಗಾಲು, ಉಗುರಿನ ಬುಡದಲ್ಲಿ ಬರುವಂಥದು. ನಮ್ಮ ದೇಶದಲ್ಲಿ ಮೆಲನೋಮವೇ ಅಪರೂಪ. ಬಾಬ್ ಮಾರ್ಲಿಗೆ ಕಾಲ್ಬೆರಳಲ್ಲಿ ಬಂದದ್ದು ಇದೇ, 1981ರಲ್ಲಿ 36ನೇ ವಯಸ್ಸಿಗೆ ಹೋದ ಎಂದು ಮಗ ಹೇಳಿದ. ಹೇಳಬಾರದಿತ್ತು, ಪಾಪ, ಅವನಿಗೂ ಗಾಬರಿ.

ಪರೇಲಿನ ಟಾಟಾ ಆಸ್ಪತ್ರೆ 1941ರಿಂದ ಇದೆ. ನಾನು ಮೂವತ್ತು ವರ್ಷ ಸ್ಲೋ ಲೋಕಲ್‌ನಲ್ಲಿ ಆ ಸ್ಟೇಷನ್ ದಾಟಿದ್ದೇನೆ, ಇಳಿದಿರಲಿಲ್ಲ. ಹೊರಗೆ ಫುಟ್‌ಪಾತಿನಲ್ಲಿ ಬಿಹಾರದ, ಬಂಗಾಳದ ಸಂಸಾರಗಳು ಫೈಲು ತಲೆದಿಂಬು ಮಾಡಿಕೊಂಡು ಮಲಗಿದ್ದವು. ನನಗೆ ಮನೆಗೆ ಹೋಗಲು ರೈಲಾದರೂ ಇತ್ತು.

ಅಲ್ಲಿ ಸ್ಲೈಡುಗಳನ್ನು ಮತ್ತೆ ಓದಿದರು. ಗಡ್ಡೆಯ ಆಳ 1.6 ಮಿಲಿಮೀಟರ್. ಬ್ರೆಸ್ಲೋ ಎಂಬ ವೈದ್ಯ 1970ರಲ್ಲಿ ತೋರಿಸಿದ ಲೆಕ್ಕವಿದು. ಅಗಲಕ್ಕಿಂತ ಆಳವೇ ಮುಖ್ಯ. ಸರ್ಜನ್ ‘ಸುತ್ತ ಎರಡು ಸೆಂಟಿಮೀಟರ್ ಮಾರ್ಜಿನ್ ಬೇಕು’ ಅಂದಾಗ ನನಗೆ ನಗು ಬಂತು. ಸಾಲ ಕೇಳಿ ಬಂದವರಿಗೆ ನಾನು ದಿನಾ ಹೇಳುವ ಮಾತು! ನಾನೂ ಚೌಕಾಸಿ ಮಾಡಿದೆ, ‘ಒಂದೂವರೆ ಸಾಲದೆ?’ ಅವರು ನಗಲಿಲ್ಲ.

ತೊಡೆಯ ಚರ್ಮ ತೆಗೆದು ಹಿಮ್ಮಡಿಗೆ ಹೊಲಿದರು. ನೀಲಿ ಬಣ್ಣ ಚುಚ್ಚಿ, ಅದು ಮೊದಲು ತಲುಪುವ ತೊಡೆಸಂದಿನ ಗ್ರಂಥಿಯನ್ನು ಹುಡುಕಿ ತೆಗೆದರು. ರೋಗ ಹೊರಟಿದ್ದರೆ ಮೊದಲು ಅಲ್ಲಿಗೇ ಹೋಗಿರುತ್ತದೆ. ಆ ವರದಿ ಬರುವವರೆಗಿನ ದಿನಗಳಲ್ಲಿ ಎಫ್‌ಡಿಗಳ ನಾಮಿನಿ ಎಲ್ಲ ಸರಿ ಇದೆಯೇ ಎಂದು ಗುಟ್ಟಾಗಿ ನೋಡಿದೆ. ಒಂದರಲ್ಲಿ, ತೀರಿಹೋದ ನನ್ನ ಅಮ್ಮನ ಹೆಸರೇ ಇನ್ನೂ ಇತ್ತು. ಇಷ್ಟು ವರ್ಷ ಗಿರಾಕಿಗಳಿಗೆ ಉಪದೇಶ ಮಾಡಿದವನು!

ಗ್ರಂಥಿಯಲ್ಲಿ ಏನೂ ಇರಲಿಲ್ಲ. ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬನ್ನಿ ಅಂದರು.

ಈಗ ಭಾನುವಾರ ಸ್ನಾನವಾದ ಮೇಲೆ ಹೆಂಡತಿ ಟಾರ್ಚ್ ಹಿಡಿದು ನನ್ನ ಎರಡೂ ಅಂಗಾಲು ನೋಡುತ್ತಾಳೆ. ಆಮೇಲೆ ಟಾರ್ಚ್ ನನ್ನ ಕೈಗೆ ಕೊಟ್ಟು ತನ್ನ ಕಾಲು ಚಾಚುತ್ತಾಳೆ.