ಎಡಗಡೆ ನಮ್ಮದು, ಬಲಗಡೆ ಸರ್ವರಿನದು

1999ರ ಆಷಾಢದಲ್ಲಿ ನಾನು ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಗೆ ಸೇರಿಕೊಂಡೆ. ಆಷಾಢವಾದ್ದರಿಂದ ಲಗ್ನಪತ್ರಿಕೆಯ ಕೆಲಸ ಇರಲಿಲ್ಲ. ಕೆಲಸ ಇಲ್ಲದ್ದರಿಂದಲೇ ನಮ್ಮ ಯಜಮಾನರಿಗೆ ವೆಬ್‌ಸೈಟ್ ಮಾಡಿಕೊಡುವ ಯೋಚನೆ ಹೊಳೆದದ್ದು. ಅವರು ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಮೇಲೆ ಬಂದವರು. ಆಮೇಲೆ ಆಫ್‌ಸೆಟ್ಟು, ಪೇಜ್‌ಮೇಕರ್ರು. ಅಂಗಡಿಯ ಬೋರ್ಡಿನಲ್ಲಿ ‘ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಬಿಲ್ ಬುಕ್’ ಎಂಬುದರ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ‘ವೆಬ್‌ಸೈಟ್’ ಎಂದು ಬರೆಸಿದರು. ಬರೆಸಿದ ಮೇಲೆ ಮಾಡುವವನೊಬ್ಬ ಬೇಕಲ್ಲ, ಅದಕ್ಕೆ ನಾನು.

ಆಗ ನಮ್ಮ ಕೈಗೆ ಸಿಕ್ಕಿದ್ದು ಫ್ರಂಟ್‌ಪೇಜ್. ವರ್ಮೀರ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ ಮಾಡಿದ್ದ ಅದನ್ನು ಮೈಕ್ರೋಸಾಫ್ಟ್ 1996ರಲ್ಲಿ ಕಂಪನಿ ಸಮೇತ ಕೊಂಡುಕೊಂಡಿತ್ತು. ಅದರಲ್ಲಿ ‘ಪಬ್ಲಿಷ್’ ಎಂಬ ಗುಂಡಿ ಇತ್ತು. ಯಜಮಾನರಿಗೆ ಆ ಮಾತು ಬಹಳ ಹಿಡಿಸಿತು. ಅವರ ಲೆಕ್ಕದಲ್ಲಿ ಪ್ರಕಟಣೆ ಎಂದರೆ ಅಚ್ಚಾಗಿ ಬಾಗಿಲು ದಾಟಿದ್ದು. ಪ್ಲೇಟು ಒರೆಸಿಹಾಕಿದರೂ, ಫಿಲ್ಮನ್ನು ಇಲಿ ಕಡಿದರೂ ಹಂಚಿಹೋದ ಪ್ರತಿಗೆ ಏನೂ ಆಗುವುದಿಲ್ಲ. ಸರ್ವರಿಗೆ ಹೋದದ್ದೂ ಹಾಗೆಯೇ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು.

ಸರ್ವರಿನ ಕಡೆ ನೋಡಿದರೆ ವಿಟಿಐ ಎಂದು ಶುರುವಾಗುವ ಹೆಸರಿನ ಫೋಲ್ಡರುಗಳು ಎಲ್ಲೆಲ್ಲೂ ಬಿದ್ದಿರುತ್ತಿದ್ದವು. ನಾನು ಇಟ್ಟದ್ದಲ್ಲ, ಹಾಗಾದರೆ ಕಸ ಎಂದು ಒಂದು ದಿನ ಗುಡಿಸಿ ಹಾಕಿದೆ. ಅಲ್ಲಿಂದ ಫ್ರಂಟ್‌ಪೇಜ್ ನನ್ನ ಹತ್ತಿರ ಮಾತು ಬಿಟ್ಟಿತು. ಅವು ಅದರದೇ ಲೆಕ್ಕಪತ್ರಗಳು, ವಿಟಿಐ ಎಂದರೆ ಆ ಹಳೆಯ ವರ್ಮೀರ್ ಕಂಪನಿಯ ಮೊದಲಕ್ಷರಗಳು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಹೀಗೆ, ಸರ್ವರಿನಲ್ಲಿ ಅಳಿಸಬಾರದ್ದನ್ನು ಅಳಿಸಿದವರಲ್ಲಿ ಮೊದಲಿಗ ನಾನೇ. ತಂತ್ರಾಂಶದ ಸರದಿ ಬಂದದ್ದು ಆಮೇಲೆ.

ಫ್ರಂಟ್‌ಪೇಜ್ ಸಹವಾಸ ಸಾಕಾಗಿ ಡಬ್ಲ್ಯುಎಸ್ ಎಫ್‌ಟಿಪಿಗೆ ಬಂದೆವು. ಪರದೆಯಲ್ಲಿ ಎರಡು ಕಿಟಕಿ. ಎಡಗಡೆ ನಮ್ಮ ಕಂಪ್ಯೂಟರು, ಬಲಗಡೆ ಅಮೆರಿಕದಲ್ಲೆಲ್ಲೋ ಇರುವ ಸರ್ವರು, ನಡುವೆ ಅತ್ತ ಒಂದು ಇತ್ತ ಒಂದು ಬಾಣ. ಯಾವ ಕಡತ ಹೋಗಬೇಕೋ ಅದನ್ನು ಆರಿಸಿ ಬಾಣ ಒತ್ತುವುದು. ಫೋಟೋವನ್ನು ಆಸ್ಕಿಯಲ್ಲಿ ಕಳಿಸಿದರೆ ಕೆಟ್ಟುಹೋಗುತ್ತದೆ, ಬೈನರಿಯಲ್ಲೇ ಕಳಿಸಬೇಕು ಎಂಬ ಒಂದು ನೇಮ ಬಿಟ್ಟರೆ ಬೇರೆ ತಲೆನೋವು ಇರಲಿಲ್ಲ. ಮೋಡೆಮ್ಮಿನ ಮೇಲೆ 56 ಕೆ ಎಂದು ಬರೆದಿದ್ದರೂ ಒಳ್ಳೆಯ ದಿನ ಸೆಕೆಂಡಿಗೆ ಮೂರ್ನಾಲ್ಕು ಕಿಲೋಬೈಟ್ ಸಾಗುತ್ತಿತ್ತು. ರಾತ್ರಿ ಊಟ ಮಾಡಿಕೊಂಡು ಬಂದು, ಫೋನಿನ ಗಲಾಟೆ ಇಲ್ಲದ ಹೊತ್ತಿನಲ್ಲಿ ಅಪ್‌ಲೋಡಿಗೆ ಕೂರುತ್ತಿದ್ದೆ. ಒಂದೊಂದೇ ಕಡತ ಆಚೆ ದಡ ಸೇರುವುದನ್ನು ನೋಡುತ್ತ ಕೂತರೆ ದೋಣಿ ದಾಟಿಸುವ ಅಂಬಿಗನ ಹಾಗೆ ಅನಿಸುತ್ತಿತ್ತು. ಆ ಪ್ರೋಗ್ರಾಮಿಗೆ ಸ್ವಂತ ಬುದ್ಧಿ ಇರಲಿಲ್ಲ. ಹೇಳಿದ್ದನ್ನು ಒಯ್ಯುತ್ತಿತ್ತು, ಹೇಳದ್ದನ್ನು ಮುಟ್ಟುತ್ತಿರಲಿಲ್ಲ.

ಆಗ ನಮಗಿದ್ದ ದೊಡ್ಡ ಗಿರಾಕಿ ಎಂದರೆ ಹೊರದೇಶದ ಒಂದು ಕನ್ನಡ ಕೂಟ. ಪುಟಗಳೆಲ್ಲ ಕನ್ನಡದಲ್ಲೇ ಇರಬೇಕು ಎಂದು ಅವರ ಹಟ. ಇಂದಿನವರಿಗೆ ಇದರಲ್ಲಿ ಏನು ಕಷ್ಟ ಅನ್ನಿಸಬಹುದು. ಯೂನಿಕೋಡ್ ಕನ್ನಡ ನಮ್ಮಂಥವರ ಕಂಪ್ಯೂಟರಿಗೆ ಬಂದದ್ದು ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ಜೊತೆ. ಅದಕ್ಕೆ ಮೊದಲು ಕನ್ನಡ ಎಂದರೆ ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ವೇಷ. ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿತ್ರವಿಚಿತ್ರ ಚಿಹ್ನೆ, ಫಾಂಟ್ ಇದ್ದರೆ ಅವೇ ಕನ್ನಡವಾಗಿ ಕಾಣುತ್ತವೆ. ನೋಡುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ? ಅದಕ್ಕೆ ಡೈನಮಿಕ್ ಫಾಂಟ್ ಎಂಬ ಉಪಾಯ ಇತ್ತು. ಫಾಂಟನ್ನು ಇಒಟಿ ಎಂಬ ಕಡತವಾಗಿ ಮಾಡಿ ಸರ್ವರಿನಲ್ಲಿಟ್ಟರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪುಟದ ಜೊತೆ ಅದನ್ನೂ ತರಿಸಿಕೊಳ್ಳುತ್ತಿತ್ತು. ಮೈಕ್ರೋಸಾಫ್ಟಿನ ವೆಫ್ಟ್ ಎಂಬ ಸಲಕರಣೆಯಲ್ಲಿ ಅದನ್ನು ತಯಾರಿಸಬೇಕು, ಯಾವ ವಿಳಾಸದ ಸೈಟಿಗೆ ಎಂದು ಅದರೊಳಗೇ ಬರೆಯಬೇಕು, ಬೇರೆ ಸೈಟಿನಲ್ಲಿ ಅದು ನಡೆಯದು. ಈ ಕೆಲಸ ನಮ್ಮಲ್ಲಿ ಡಿಟಿಪಿ ಅಕ್ಕನದು. ಅವರು ತಮ್ಮ ಕಂಪ್ಯೂಟರಿನಲ್ಲಿ ಮಾಡಿ ನೇರವಾಗಿ ಸರ್ವರಿಗೆ ಏರಿಸಿದ್ದರು. ನನ್ನ ಕಡೆ ಅದರ ಪ್ರತಿ ಇರಲಿಲ್ಲ. ಇರಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಆ ಸೈಟಿನಲ್ಲಿ ಒಂದು ಗೆಸ್ಟ್‌ಬುಕ್ಕೂ ಇತ್ತು. ಮ್ಯಾಟ್ ರೈಟ್ ಎಂಬಾತ ಬರೆದು ಪುಕ್ಕಟೆ ಹಂಚಿದ್ದ ಪರ್ಲ್ ಪ್ರೋಗ್ರಾಮು, ಜಗತ್ತಿನ ಅರ್ಧ ಸೈಟುಗಳು ಅದರ ಮೇಲೆಯೇ ನಡೆಯುತ್ತಿದ್ದಂತೆ ಕಾಣುತ್ತಿದ್ದ ಕಾಲ. ಯಾರಾದರೂ ನಾಲ್ಕು ಸಾಲು ಬರೆದು ಒತ್ತಿದರೆ ಅದು ಸರ್ವರಿನಲ್ಲಿರುವ ಪುಟಕ್ಕೇ ಸೇರಿಕೊಳ್ಳುತ್ತಿತ್ತು. ಯುಗಾದಿಗೆ ಬೇವಿನೆಲೆ ಸಿಗದವರು, ಊರಿನಲ್ಲಿ ಅಜ್ಜಿ ತೀರಿಕೊಂಡಾಗ ಹೋಗಲಾಗದವರು, ಮಗಳ ಹೆಸರಿಡಲು ಸಲಹೆ ಕೇಳಿದವರು, ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದ್ದರು. ನಾನು ಸಂಜೆ ಚಹಾ ಕುಡಿಯುವಾಗ ಅದನ್ನು ಓದುತ್ತಿದ್ದೆ. ಯಜಮಾನರೂ ಓದಿಸಿ ಕೇಳುತ್ತಿದ್ದರು.

2001ರಲ್ಲಿ ಡ್ರೀಮ್‌ವೀವರ್ ಬಂತು. ನಮ್ಮ ಅಂಗಡಿಗೆ ಬಂತು ಎಂದರ್ಥ, ಮ್ಯಾಕ್ರೋಮೀಡಿಯಾದವರು ಅದನ್ನು ಹೊರತಂದದ್ದು 1997ರಲ್ಲೇ. ಅದರಲ್ಲಿ ಸಿಂಕ್ರನೈಸ್ ಎಂಬ ಆಯ್ಕೆ. ಎರಡೂ ಕಡೆಯ ಕಡತಗಳನ್ನು ಅದೇ ಹೋಲಿಸಿ, ಹೊಸತಾದದ್ದನ್ನಷ್ಟೇ ಕಳಿಸುತ್ತದೆ. ರಾತ್ರಿಗಟ್ಟಲೆ ಬಾಣ ಒತ್ತಿದವನಿಗೆ ಇದು ವರವಾಗಿ ಕಂಡಿತು. ಕೆಳಗೊಂದು ಚೌಕ: ‘ಇಲ್ಲಿ ಇಲ್ಲದ ಕಡತಗಳನ್ನು ಸರ್ವರಿನಲ್ಲಿ ಅಳಿಸು’ ಎಂಬ ಅರ್ಥದ್ದು. ಹಳೆಯ ಪುಟಗಳೆಲ್ಲ ಸರ್ವರಿನಲ್ಲಿ ಜೋತುಬಿದ್ದಿದ್ದವು. ಮನೆ ಒಪ್ಪವಾಗಲಿ ಎಂದು ಟಿಕ್ ಹಾಕಿದೆ.

ಅದರ ಹಿಂದಿನ ವಾರವಷ್ಟೇ ವಿಂಡೋಸ್ 98 ಕೆಟ್ಟು, ಡಿಸ್ಕ್ ಫಾರ್ಮ್ಯಾಟ್ ಮಾಡಿ, ಸಿ.ಡಿ.ಯಿಂದ ಸೈಟಿನ ಹಳೆಯ ಪ್ರತಿಯನ್ನು ತುಂಬಿಕೊಂಡಿದ್ದೆ. ತಂತ್ರಾಂಶ ತನ್ನ ಮರ್ಯಾದೆ ಬಿಡಲಿಲ್ಲ. ಏನೇನು ಅಳಿಸುತ್ತೇನೆ ಎಂದು ಪಟ್ಟಿ ಹಿಡಿದು ನಿಂತಿತು. ಉದ್ದದ ಪಟ್ಟಿ. ಕೆಳಗೆ ಎಳೆದು ನೋಡಲು ಸೋಮಾರಿತನ. ಒತ್ತಿದೆ.

ನಿಧಾನದ ತಂತಿಯಲ್ಲಿ ಅತಿ ಬೇಗ ಆಗುವ ಕೆಲಸ ಅಳಿಸುವುದೇ. ಫೋಟೋ ಏರಿಸಬೇಕಾದರೆ ಇಡೀ ಫೋಟೋ ಹೋಗಬೇಕು, ಅಳಿಸಬೇಕಾದರೆ ಕಡತದ ಹೆಸರೊಂದು ಹೋದರೆ ಸಾಕು. ಆಚೆ ಕಡೆ ರೀಸೈಕಲ್ ಬಿನ್ ಇಲ್ಲ. ಎಫ್‌ಟಿಪಿಗೆ ಕಸದ ಬುಟ್ಟಿಯ ಕಲ್ಪನೆಯೇ ಇಲ್ಲ. ತಿಂಗಳುಗಟ್ಟಲೆ ಹೊತ್ತದ್ದು ಚಹಾ ಆರುವುದರೊಳಗೆ ಮುಗಿಯಿತು. ಕೂಟದವರೇ ಅಲ್ಲಿಂದ ಏರಿಸಿದ್ದ ರಾಜ್ಯೋತ್ಸವದ ಫೋಟೋಗಳು, ಅಕ್ಕನ ಫಾಂಟು, ಗೆಸ್ಟ್‌ಬುಕ್ಕು. ಮೂರೂ ಸರ್ವರಿನಲ್ಲಿ ಮಾತ್ರ ಇದ್ದವು. ಡ್ರೀಮ್‌ವೀವರಿಗೆ ನನ್ನ ಡಿಸ್ಕೇ ಮೂಲ ಪ್ರತಿ. ಸರ್ವರಿನಲ್ಲಿ ಹೆಚ್ಚಿಗೆ ಇದ್ದದ್ದೆಲ್ಲ ಅದರ ಕಣ್ಣಿಗೆ ತಪ್ಪು.

ಬೆಳಿಗ್ಗೆ ಫೋನು. “ಏನ್ರೀ ಇದು, ನಮ್ಮ ಕನ್ನಡ ಎಲ್ಲಾ ಏನೋ ಆಗ್ಬಿಟ್ಟಿದೆ?” ನಾನು ಸೈಟ್ ತೆಗೆದು ನೋಡಿದರೆ ಕನ್ನಡ ಚೆನ್ನಾಗಿಯೇ ಇದೆ. “ಇಲ್ಲ ಸಾರ್, ಸರಿಯಾಗಿದೆಯಲ್ಲ” ಎಂದು ವಾದಿಸಿದೆ. ಐಎಸ್‌ಡಿ ಬಿಲ್ಲು ಅವರದು, ಹಟ ನನ್ನದು. ಅಕ್ಕ ಹಿಂದಿನಿಂದ ಬಂದು, “ನಮ್ಮ ಮಿಷಿನ್ನಲ್ಲಿ ಫಾಂಟ್ ಇನ್‌ಸ್ಟಾಲ್ ಆಗಿದೆಯಲ್ಲೋ, ಕಾಣದೆ ಇರುತ್ತಾ?” ಎಂದರು. ಹತ್ತಿರದ ಸೈಬರ್ ಕೆಫೆಗೆ ಓಡಿ ನೋಡಿದೆ. ಸಂಘದ ಹೆಸರಿದ್ದ ಕಡೆ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀರು ಹೊತ್ತ ಎ, ನಡುನಡುವೆ ಇಂಗ್ಲಿಷಿನ ದೊಡ್ಡಕ್ಷರ. ಅಧ್ಯಕ್ಷರ ಸಂದೇಶ ಮಂತ್ರವಾದಿಯ ತಗಡಿನ ಹಾಗೆ ಕಾಣುತ್ತಿತ್ತು.

ಯಜಮಾನರಿಗೆ ಹೇಳಲೇಬೇಕಾಯಿತು. ಅವರಿಗೆ ಸಿಟ್ಟಿಗಿಂತ ಅರ್ಥವಾಗದ್ದೇ ಹೆಚ್ಚು. “ಅಚ್ಚಾಗಿ ಹೋದದ್ದನ್ನ ಇಲ್ಲಿ ಕೂತು ಹೆಂಗಯ್ಯಾ ಅಳಿಸ್ತೀಯ?” ಎಂದು ಎರಡೆರಡು ಸಲ ಕೇಳಿದರು.

ಫಾಂಟನ್ನು ಅಕ್ಕ ಎರಡು ದಿನ ಕೂತು ಮತ್ತೆ ಮಾಡಿದರು. ಫೋಟೋಗಳನ್ನು ಕೂಟದವರು ಬೈದುಕೊಂಡೇ ಮತ್ತೆ ಕಳಿಸಿದರು. ಗೆಸ್ಟ್‌ಬುಕ್ಕಿಗೆ ಮಾತ್ರ ಗತಿ ಇರಲಿಲ್ಲ. ಆಮೇಲೆ ನೆನಪಾಯಿತು, ನಾನು ಅದನ್ನು ಓದುತ್ತಿದ್ದದ್ದು ರಿಸೆಪ್ಷನ್ ಟೇಬಲಿನ ಕಂಪ್ಯೂಟರಿನಲ್ಲಿ. ಅಲ್ಲಿನ ಎಕ್ಸ್‌ಪ್ಲೋರರ್ ತಾನು ನೋಡಿದ ಪುಟಗಳನ್ನು ಟೆಂಪರರಿ ಇಂಟರ್‌ನೆಟ್ ಫೈಲ್ಸ್ ಎಂಬ ಉಗ್ರಾಣದಲ್ಲಿ ಬಚ್ಚಿಡುತ್ತಿತ್ತು. ಹುಡುಕಿದೆ, ಎಂಟು ಹತ್ತು ದಿನ ಹಿಂದಿನ ಪ್ರತಿ ಸಿಕ್ಕಿತು. ಪುಟಕ್ಕೇ ನೇರವಾಗಿ ಬರೆಯುವ ಪ್ರೋಗ್ರಾಮಾದ್ದರಿಂದ ಒಂದೇ ಕಡತದಲ್ಲಿ ಎಲ್ಲರೂ ಇದ್ದರು, ಕೊನೆಯ ಕೆಲವರನ್ನು ಬಿಟ್ಟು. ಯಜಮಾನರು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಲೇಸರ್ ಪ್ರಿಂಟ್ ತೆಗೆಸಿ, ಪಿನ್ ಹೊಡೆದು, ಫೈಲಿಗೆ ಹಾಕಿದ್ದು.

ಅಂದಿನಿಂದ ಕಂಪ್ಯೂಟರಿನ ಪಕ್ಕ ಒಂದು ಲಾಂಗ್‌ಬುಕ್ ಬಂತು. ‘ಸರ್ವರಿನಲ್ಲಿ ಮಾತ್ರ ಇರುವವು’ ಎಂದು ಮೊದಲ ಪುಟ. ಏನೇ ಕಳಿಸುವ ಮುಂಚೆ ಆ ಕಡತಗಳನ್ನು ಈಚೆಗೆ ಇಳಿಸಿಕೊಳ್ಳಬೇಕು. ಇಷ್ಟಕ್ಕೇ ನಿಲ್ಲದೆ ನಾನು ಬುದ್ಧಿವಂತಿಕೆಯನ್ನೂ ತೋರಿಸಿದೆ: ಗೆಸ್ಟ್‌ಬುಕ್ಕಿನ ಹಳೆಯ ಭಾಗಕ್ಕೆ 444 ಎಂದು ಪರ್ಮಿಷನ್ ಕೊಟ್ಟು, ಇನ್ನು ಯಾರೂ ಬರೆಯುವಂತಿಲ್ಲ, ಹಾಗಾದರೆ ಅಳಿಸುವಂತೆಯೂ ಇಲ್ಲ ಎಂದು ನೆಮ್ಮದಿಯಾಗಿದ್ದೆ. ಪರೀಕ್ಷೆಗೆ ಒಂದು ಡಮ್ಮಿ ಕಡತ ಇಟ್ಟು ಸಿಂಕ್ ಮಾಡಿದರೆ ಅದು ಸಲೀಸಾಗಿ ಮಾಯ. ಯೂನಿಕ್ಸಿನ ಕಾನೂನೇ ಬೇರೆ. ಕಡತದ ಪರ್ಮಿಷನ್ ಒಳಗಿನ ಬರಹಕ್ಕೆ ಕಾವಲು. ಕಡತವನ್ನೇ ಕಿತ್ತೆಸೆಯಬಹುದೇ ಎಂಬುದು ಅದು ಇರುವ ಫೋಲ್ಡರಿನ ಪರ್ಮಿಷನ್ನಿಗೆ ಬಿಟ್ಟದ್ದು. ಪೆಟ್ಟಿಗೆಗೆ ಬೀಗ ಹಾಕಿ, ಪೆಟ್ಟಿಗೆ ಇಟ್ಟ ಕೋಣೆಯ ಬಾಗಿಲು ತೆರೆದಿಟ್ಟ ಹಾಗೆ. ಆಮೇಲೆ ಗೆಸ್ಟ್‌ಬುಕ್ಕನ್ನು ಸೈಟಿನ ಫೋಲ್ಡರಿನಿಂದಲೇ ಮೇಲಕ್ಕೆ, ಸಿಂಕಿನ ಕಣ್ಣಿಗೆ ಬೀಳದ ಜಾಗಕ್ಕೆ ಒಯ್ದು, ಪರ್ಲ್ ಪ್ರೋಗ್ರಾಮಿಗೆ ಹೊಸ ವಿಳಾಸ ಹೇಳಿಕೊಟ್ಟೆ. ನನಗೆ ತಿಳಿದ ಮಟ್ಟಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಅಕ್ಷರದ ಗಾತ್ರದಿಂದಲೂ ಒಂದು ಸಲ ಸಿಕ್ಕಿಬಿದ್ದೆ. ವಿಂಡೋಸಿಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸಿಗೆ ಅವು ಬೇರೆ ಬೇರೆ ಹೆಸರು. ನಾನು ಒಂದು ಫೋಟೋ ಕಡತದ ಹೆಸರನ್ನು ಚಿಕ್ಕಕ್ಷರಕ್ಕೆ ಬದಲಿಸಿದ್ದೆ. ಸರ್ವರಿನಲ್ಲಿ ಹೊಸದೊಂದು ಹುಟ್ಟಿತು, ಹಳೆಯದು ಅನಾಥವೆಂದು ಅಳಿಯಿತು, ಪುಟಗಳು ಹಳೆಯ ಹೆಸರನ್ನೇ ಕರೆಯುತ್ತಿದ್ದವು.

2002ರ ಡ್ರೀಮ್‌ವೀವರ್ ಎಂಎಕ್ಸಿನಲ್ಲಿ ಕ್ಲೋಕಿಂಗ್ ಎಂಬ ಸೌಕರ್ಯ ಕೊಟ್ಟರು. ಯಾವ ಫೋಲ್ಡರಿಗೆ ಮುಸುಕು ಹೊದಿಸಿದರೂ ಸಿಂಕ್ ಅದರ ತಂಟೆಗೆ ಹೋಗುವುದಿಲ್ಲ. ಜಗತ್ತಿನಲ್ಲಿ ನನ್ನ ಹಾಗೆ ಕೈ ಸುಟ್ಟುಕೊಂಡವರು ಬೇಕಾದಷ್ಟು ಜನ ಇರಬೇಕು ಎಂದು ಆಗ ಸಮಾಧಾನವಾಯಿತು.

ಮುಂದೆ ಅಂಗಡಿ ಬಿಟ್ಟು ಒಂದು ಸಾಫ್ಟ್‌ವೇರ್ ಕಂಪನಿ ಸೇರಿದೆ. ಅಲ್ಲಿ ಎರಡು ಕಿಟಕಿ ಇಲ್ಲ, ಕಪ್ಪು ಪರದೆ ಮಾತ್ರ. ಕೆಲಸವೆಲ್ಲ ಆರ್‌ಸಿಂಕಿನದು. ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಸಲಕರಣೆ. ಅದು ಡಿಲೀಟ್ ಎಂದು ಹೇಳದೆ ಏನನ್ನೂ ಅಳಿಸದು, ಹೇಳಿದರೆ ದಾಕ್ಷಿಣ್ಯ ಮಾಡದು. ಮೂಲ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಒಂದು ಓರೆಗೆರೆ ಇದ್ದರೆ ಫೋಲ್ಡರಿನ ಒಳಗಿರುವುದು, ಇಲ್ಲದಿದ್ದರೆ ಫೋಲ್ಡರೇ. ಆ ಒಂದು ಗೆರೆಯ ಮೇಲೆ ಎಷ್ಟೋ ಜನರ ನಿದ್ದೆ ನಿಂತಿದೆ. ಮೂಲ ಫೋಲ್ಡರೇ ಖಾಲಿ ಇದ್ದರೆ ಸರ್ವರನ್ನೂ ಖಾಲಿ ಮಾಡಿ, ಯಶಸ್ವಿಯಾಯಿತು ಎಂದು ವರದಿ ಕೊಡುತ್ತದೆ. ಆದರೂ ಬರೆದವರು ನೋವು ಉಂಡವರು ಎಂದು ಗೊತ್ತಾಗುತ್ತದೆ. ಮೂಲವನ್ನು ಓದುವಾಗ ಡಿಸ್ಕಿನಲ್ಲಿ ದೋಷ ಕಂಡರೆ ಅಳಿಸುವ ಕೆಲಸವನ್ನು ತಾನಾಗಿಯೇ ಕೈಬಿಡುತ್ತದೆ. ಇಂತಿಷ್ಟಕ್ಕಿಂತ ಹೆಚ್ಚು ಅಳಿಸಬೇಡ ಎಂದು ಮಿತಿ ಹಾಕಬಹುದು. ಬೇಡ ಎಂದು ಹೊರಗಿಟ್ಟ ಫೋಲ್ಡರನ್ನು ಆಚೆ ಕಡೆಯಲ್ಲೂ ಮುಟ್ಟದು. ಎಲ್ಲಕ್ಕಿಂತ ಮಿಗಿಲಾಗಿ ಡ್ರೈ ರನ್: ಏನೂ ಮಾಡದೆ, ಮಾಡಿದ್ದರೆ ಏನಾಗುತ್ತಿತ್ತು ಎಂದಷ್ಟೇ ಹೇಳುವುದು. ಮುದ್ರಣದವರ ಪ್ರೂಫ್ ಹಾಗೆ. ಆ ಪ್ರೂಫನ್ನು ನಾನು ಈಗ ಕೊನೆಯ ಸಾಲಿನವರೆಗೆ ಎಳೆದು ಓದುತ್ತೇನೆ.

ಈಗ ನನ್ನ ಜೊತೆ ಕೆಲಸ ಮಾಡುವ ಹುಡುಗರು ಎಫ್‌ಟಿಪಿ ಕಂಡವರಲ್ಲ. ಗಿಟ್‌ಗೆ ಒಪ್ಪಿಸಿದರೆ ಮಿಕ್ಕದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಹೊಸ ಆವೃತ್ತಿ ಹೊಸ ಫೋಲ್ಡರಿಗೇ ಹೋಗುತ್ತದೆ, ‘ಕರೆಂಟ್’ ಎಂಬ ಕೊಂಡಿಯನ್ನು ಅದರ ಕಡೆ ತಿರುಗಿಸುತ್ತಾರೆ, ಹಳೆಯ ನಾಲ್ಕೈದು ಆವೃತ್ತಿ ಪಕ್ಕದಲ್ಲೇ ಉಳಿದಿರುತ್ತವೆ, ಜನ ಏರಿಸಿದ ಫೋಟೋಗಳಿಗೆ ಬೇರೆಯೇ ಮನೆ. ಅಮೆಜಾನಿನ ಎಸ್3ಯಲ್ಲಿ ವರ್ಷನಿಂಗ್ ಹಾಕಿಟ್ಟರೆ ಅಳಿಸಿದ್ದೂ ಅಳಿಯುವುದಿಲ್ಲ, ಅಳಿಸಿದೆ ಎಂಬ ಗುರುತು ಬೀಳುತ್ತದೆ ಅಷ್ಟೇ. ಹಾಗೆಂದು ಹಳೆಯ ಕಾಟ ಹೋಗಿಲ್ಲ. ಮೊನ್ನೆ ಒಬ್ಬ ಹುಡುಗ ಜೆಕಿಲ್‌ನಲ್ಲಿ ಸೈಟ್ ಕಟ್ಟುತ್ತ, ಸಿದ್ಧಪುಟಗಳ ಫೋಲ್ಡರಿಗೇ ಕೈಯಾರೆ ಒಂದು ಪಿಡಿಎಫ್ ಹಾಕಿದ್ದ. ಮುಂದಿನ ಸಲ ಕಟ್ಟಿದಾಗ ಅದು ಹೋಯಿತು. ತಾನು ಹುಟ್ಟಿಸದ್ದನ್ನು ಜೆಕಿಲ್ ಗುಡಿಸುತ್ತದೆ, ಉಳಿಸಬೇಕಾದರೆ ಕೀಪ್ ಫೈಲ್ಸ್ ಎಂಬಲ್ಲಿ ಹೆಸರು ಬರೆದಿರಬೇಕು. “ನಾನು ಏನೂ ಡಿಲೀಟ್ ಮಾಡಿಲ್ಲ ಸಾರ್” ಎಂದ. ಲಾಂಗ್‌ಬುಕ್ಕಿನ ಕತೆ ಹೇಳಿದೆ. ಅವನಿಗೆ ಅದರಲ್ಲಿ ಬೆರಗೆನಿಸಿದ್ದು ಮೋಡೆಮ್ ಮಾತ್ರ.

ಹೋದ ವರ್ಷ ಚಾಮರಾಜಪೇಟೆಯ ಕಡೆ ಹೋಗಿದ್ದೆ. ಅಂಗಡಿಯಲ್ಲಿ ಈಗ ಫ್ಲೆಕ್ಸು, ಐಡಿ ಕಾರ್ಡು, ಲ್ಯಾಮಿನೇಷನ್ನು. ಬೋರ್ಡಿನ ಕೆಳಗಿನ ಸಾಲು ಇಲ್ಲ. ಕೂಟದ ಆ ಸೈಟು ಎಂದೋ ಹೋಯಿತು, ವಿಳಾಸವನ್ನು ಯಾರೂ ನವೀಕರಿಸಲಿಲ್ಲ. ಯಜಮಾನರು ಗಲ್ಲಾದ ಹಿಂದೆ ಕೂತಿದ್ದರು, ಮಗ ವ್ಯಾಪಾರ ನೋಡುತ್ತಿದ್ದ. ಗೆಸ್ಟ್‌ಬುಕ್ಕಿನ ಮಾತು ತೆಗೆದೆ. ಅಟ್ಟದಿಂದ ಫೈಲು ಇಳಿಸಿದರು. ಪಿನ್ನು ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಬಿಟ್ಟಿತ್ತು. ಬೇವಿನೆಲೆಯವರು ಇದ್ದರು, ಅಜ್ಜಿ ತೀರಿಕೊಂಡವರು ಇದ್ದರು. ಒಂದೊಂದೇ ತಿರುವುತ್ತ ಹೋದರೆ ಎರಡರ ನಂತರ ನಾಲ್ಕನೆಯ ಹಾಳೆ.

“ಮೂರನೇದು?” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಫೈಲನ್ನು ತಿರುಗಿಸಿ ನೋಡಿದರು. “ಹಿಂದ್ಗಡೆ ಖಾಲಿ ಇತ್ತಲ್ಲ” ಎಂದರು. “ಯಾರಿಗೋ ಎಸ್ಟಿಮೇಟ್ ಬರ್ಕೊಟ್ಟಿರ್ಬೇಕು.”